ನಲವತ್ತರ ಬಿಪಿ, ಎಪ್ಪತ್ತರ ಮರೆವು

2025ರ ಜುಲೈ ತಿಂಗಳ ಆರಂಭದಲ್ಲಿ ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಾಗುವುದರೊಳಗೆ ಉದ್ದದ ಸಾಲು ನಿಲ್ಲತೊಡಗಿತು. ಹಾಸನ ಜಿಲ್ಲೆಯಲ್ಲಿ 40 ದಿನಗಳೊಳಗೆ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಟಿವಿಯಲ್ಲಿ ದಿನವಿಡೀ ಓಡುತ್ತಿತ್ತು. ಎದೆನೋವು ಇದ್ದವರು, ಇಲ್ಲದವರು, ಬರೀ ಗ್ಯಾಸ್ಟ್ರಿಕ್ ಎಂದು ಅದುವರೆಗೆ ಸುಮ್ಮನಿದ್ದವರು ಎಲ್ಲರೂ ಇಸಿಜಿ ಮಾಡಿಸಿಕೊಳ್ಳಲು ಬಂದರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಆ ಸಾವುಗಳನ್ನು ಪರಿಶೀಲಿಸಿ, ಅಸಹಜ ಏರಿಕೆಯೇನೂ ಆಗಿಲ್ಲವೆಂದು ವರದಿ ಕೊಟ್ಟಿತು. ಕಂಡದ್ದು ಎಲ್ಲರಿಗೂ ಗೊತ್ತಿದ್ದ ಹಳೆಯ ಪಟ್ಟಿಯೇ: ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು, ಮದ್ಯ, ಬೊಜ್ಜು.

ಈ ಪಟ್ಟಿಯನ್ನು ಹೃದ್ರೋಗ ತಜ್ಞರ ಕೊಠಡಿಯಿಂದ ನರರೋಗ ತಜ್ಞರ ಕೊಠಡಿಗೆ ಒಯ್ದರೂ ಹೆಚ್ಚೇನೂ ತಿದ್ದಬೇಕಾಗಿಲ್ಲ. ಎದೆಯ ರಕ್ತನಾಳಗಳನ್ನು ಹಾಳುಮಾಡುವ ಸಂಗತಿಗಳೇ ಮುಪ್ಪಿನಲ್ಲಿ ನೆನಪನ್ನೂ ಕಿತ್ತುಕೊಳ್ಳುತ್ತವೆ. ಆದರೆ ಹೃದಯ ಕೈಕೊಡುವುದು ನಿಮಿಷಗಳಲ್ಲಿ, ಮಿದುಳು ಕೈಕೊಡುವುದು ವರ್ಷಗಟ್ಟಲೆ. ಹಾಗಾಗಿ ಮೊದಲನೆಯದು ಮುಖಪುಟದ ಸುದ್ದಿಯಾಗುತ್ತದೆ, ಎರಡನೆಯದು ಮನೆಯೊಳಗೇ ಉಳಿಯುತ್ತದೆ. ತಿಂಡಿ ತಿಂದದ್ದು ಮರೆತು ಅಜ್ಜಿ ಮತ್ತೆ ತಿಂಡಿ ಕೇಳುತ್ತಾರೆ, ಅಂಗಡಿಗೆ ಹೋದ ತಾತ ಮನೆಯ ದಾರಿ ತಪ್ಪುತ್ತಾರೆ. ‘ವಯಸ್ಸಾಯ್ತಲ್ಲ, ಅರಳು ಮರಳು’ ಎಂದು ಮನೆಯವರು ಸಮಾಧಾನ ಹೇಳಿಕೊಳ್ಳುತ್ತಾರೆ.

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆಯಾದ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು. ನೂರರಲ್ಲಿ ಉಳಿದ 92ಕ್ಕೂ ಹೆಚ್ಚು ಮಂದಿ ಅದೇ ವಯಸ್ಸಿನವರಾಗಿದ್ದೂ ನೆನಪು ಉಳಿಸಿಕೊಂಡಿದ್ದಾರೆ. ಬರೀ ವಯಸ್ಸಿನ ಮೇಲೆ ಹೊರೆ ಹೊರಿಸಿದರೆ ಲೆಕ್ಕ ಸರಿಹೋಗುವುದಿಲ್ಲ.

ಮಿದುಳಿನ ತೂಕ ದೇಹದ ತೂಕದಲ್ಲಿ ಶೇ 2ರಷ್ಟು ಮಾತ್ರ. ಆದರೆ ಹೃದಯ ನಿಮಿಷಕ್ಕೆ ಹೊರದೂಡುವ ಸುಮಾರು ಐದು ಲೀಟರ್ ರಕ್ತದಲ್ಲಿ ಅದರ ಪಾಲು ಶೇ 15ರಷ್ಟು. ಆಮ್ಲಜನಕವನ್ನಾಗಲೀ ಗ್ಲೂಕೋಸನ್ನಾಗಲೀ ಕೂಡಿಟ್ಟುಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ; ಕ್ಷಣಕ್ಷಣಕ್ಕೂ ಬೇಕು. ಈ ಪೂರೈಕೆಯಲ್ಲಿ ತೀರಾ ದುರ್ಬಲವಾದ ಜಾಗವೆಂದರೆ ದೊಡ್ಡ ಅಪಧಮನಿಗಳಿಂದ ಕವಲೊಡೆದು ಮಿದುಳಿನ ಆಳಕ್ಕೆ ನೇರವಾಗಿ ಇಳಿಯುವ ಸಣ್ಣ ನಾಳಗಳು. ದೊಡ್ಡ ನಾಳದಲ್ಲಿನ ಒತ್ತಡ ಮೆತ್ತಗಾಗಲು ನಡುವೆ ಅವಕಾಶವೇ ಇಲ್ಲದ ಕಾರಣ ಬಿಪಿಯ ಪೂರ್ತಿ ಪೆಟ್ಟು ಇವುಗಳ ಮೇಲೆ ಬೀಳುತ್ತದೆ. ವರ್ಷಗಳ ಕಾಲ ಪೆಟ್ಟು ತಿಂದ ಗೋಡೆ ದಪ್ಪವಾಗುತ್ತದೆ, ಗಡುಸಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ. ಕೊನೆಗೊಂದು ದಿನ ಮುಚ್ಚಿಹೋಗುತ್ತದೆ. ಆ ನಾಳವನ್ನೇ ನೆಚ್ಚಿಕೊಂಡಿದ್ದ ಕೆಲವು ಮಿಲಿಮೀಟರಿನಷ್ಟು ಮಿದುಳು ಸಾಯುತ್ತದೆ. ಕೈಕಾಲು ಬೀಳುವುದಿಲ್ಲ, ಬಾಯಿ ಸೊಟ್ಟಗಾಗುವುದಿಲ್ಲ. ಲಕ್ವ ಹೊಡೆದದ್ದು ಹೊಡೆಸಿಕೊಂಡವರಿಗೇ ತಿಳಿಯುವುದಿಲ್ಲ. ಬೇರಾವುದೋ ಕಾರಣಕ್ಕೆ ಎಂಆರ್‌ಐ ಮಾಡಿಸಿದಾಗ ಇಂಥ ಮೂರೋ ನಾಲ್ಕೋ ಗುರುತುಗಳು ಕಾಣುವುದುಂಟು.

ಆ ಸಣ್ಣ ಗುರುತುಗಳ ಬೆಲೆ ಏನೆಂಬುದನ್ನು ಲೋಕಕ್ಕೆ ತೋರಿಸಿದವರು ಅಮೆರಿಕದ ಕ್ರೈಸ್ತ ಸನ್ಯಾಸಿನಿಯರು. ಸ್ಕೂಲ್ ಸಿಸ್ಟರ್ಸ್ ಆಫ್ ನಾಟರ್‌ಡೇಮ್ ಎಂಬ ಸಂಘದ 678 ಮಂದಿ, ಎಲ್ಲರೂ 75 ದಾಟಿದವರು, ಡೇವಿಡ್ ಸ್ನೋಡನ್ ಎಂಬ ಸಂಶೋಧಕರ ಕೋರಿಕೆಗೆ ಒಪ್ಪಿ ವರ್ಷವರ್ಷವೂ ನೆನಪಿನ ಪರೀಕ್ಷೆಗೆ ಕುಳಿತರು. ಸತ್ತ ಮೇಲೆ ಮಿದುಳನ್ನು ಅಧ್ಯಯನಕ್ಕೆ ಕೊಡುವುದಾಗಿ ಬರೆದುಕೊಟ್ಟರು. ಒಂದೇ ಬಗೆಯ ಊಟ, ಒಂದೇ ಬಗೆಯ ದಿನಚರಿ, ಸಿಗರೇಟಿಲ್ಲ, ಹೆರಿಗೆಯಿಲ್ಲ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಗುಂಪು ಸಿಗುವುದು ಕಷ್ಟ.

1997ರಲ್ಲಿ ಆ ಅಧ್ಯಯನದ ಒಂದು ಮುಖ್ಯ ಫಲಿತಾಂಶ ಹೊರಬಂತು. ಸೂಕ್ಷ್ಮದರ್ಶಕದಲ್ಲಿ ಅಲ್ಝೈಮರ್ ಕಾಯಿಲೆಯ ಗುರುತುಗಳೆಲ್ಲ ಇದ್ದ 61 ಮಿದುಳುಗಳನ್ನು ನೋಡಿದರೆ, ಅವುಗಳ ಒಡತಿಯರಲ್ಲಿ ಕೆಲವರು ಬದುಕಿದ್ದಾಗ ಮರೆವಿಗೆ ಸಿಕ್ಕಿರಲಿಲ್ಲ. ಲಕ್ವದ ಗುರುತಿಲ್ಲದವರಲ್ಲಿ ನೂರಕ್ಕೆ 57ರಷ್ಟು ಮಂದಿಗೆ ಡಿಮೆನ್ಶಿಯಾ ಬಂದಿತ್ತು. ಮಿದುಳಿನ ಆಳದಲ್ಲಿ ಒಂದೆರಡು ಸಣ್ಣ ಲಕ್ವದ ಗುರುತು ಇದ್ದವರಲ್ಲಿ ಆ ಪ್ರಮಾಣ 93. ಇನ್ನೊಂದು ವಿಶೇಷ: ಅಲ್ಝೈಮರ್ ಗುರುತುಗಳಿಲ್ಲದೆ ಬರೀ ಲಕ್ವದ ಗುರುತು ಇದ್ದ ಸನ್ಯಾಸಿನಿಯರ ಬುದ್ಧಿ ಅಷ್ಟೇನೂ ಕುಂದಿರಲಿಲ್ಲ. ಎರಡೂ ಸೇರಿದಾಗಲೇ ಅನಾಹುತ.

ಅದುವರೆಗೆ ವೈದ್ಯಲೋಕ ಇವೆರಡನ್ನೂ ಬೇರೆಬೇರೆ ಕಪಾಟಿನಲ್ಲಿ ಇಟ್ಟಿತ್ತು. ಪ್ರೋಟೀನ್ ಶೇಖರವಾಗಿ ಬರುವುದು ಅಲ್ಝೈಮರ್, ರಕ್ತನಾಳ ಕೆಟ್ಟು ಬರುವುದು ‘ವ್ಯಾಸ್ಕುಲರ್’ ಡಿಮೆನ್ಶಿಯಾ. ಅಲೋಯಿಸ್ ಅಲ್ಝೈಮರ್ 1906ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಆಗಸ್ಟೆ ಡೆಟರ್ ಎಂಬಾಕೆಯ ಮಿದುಳಿನಲ್ಲಿ ಕಂಡ ಕಲೆಗಳನ್ನೂ ಗಂಟುಗಳನ್ನೂ ವಿವರಿಸಿ ಹೆಸರಾದರು. ಅದಕ್ಕೂ ಹತ್ತು ವರ್ಷ ಮೊದಲೇ ಅವರು ಮಿದುಳಿನ ಅಪಧಮನಿಗಳು ಗಡುಸಾಗುವ ಬಗ್ಗೆ ಅಭ್ಯಾಸ ಮಾಡಿದ್ದು ಮಾತ್ರ ಹಿಂದೆ ಸರಿಯಿತು. ಇಂದು ಶವಪರೀಕ್ಷೆಗಳು ಹೇಳುವಂತೆ, ವಯಸ್ಸಾದವರ ಡಿಮೆನ್ಶಿಯಾದಲ್ಲಿ ಎರಡೂ ಬೆರೆತಿರುವುದೇ ಹೆಚ್ಚು.

ಬಿಪಿಯ ಅಪಾಯವನ್ನು ವೈದ್ಯಕೀಯ ಎಷ್ಟು ತಡವಾಗಿ ಅರಿತುಕೊಂಡಿತೆಂಬುದಕ್ಕೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸಾವೇ ಸಾಕ್ಷಿ. 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞ ಹೊವರ್ಡ್ ಬ್ರೂಯೆನ್ ಮೊದಲ ಬಾರಿಗೆ ಪರೀಕ್ಷಿಸಿದಾಗ ಅವರ ಬಿಪಿ 186/108. ಕೊಡಲು ಸರಿಯಾದ ಔಷಧಿಯೇ ಆಗ ಇರಲಿಲ್ಲ. ವಯಸ್ಸಾದಂತೆ ಒತ್ತಡ ಏರುವುದು ಸಹಜ, ಅಗತ್ಯ ಕೂಡ ಎಂದು ನಂಬಿದ್ದ ವೈದ್ಯರಿಗೂ ಕೊರತೆಯಿರಲಿಲ್ಲ. 1945ರ ಏಪ್ರಿಲ್ 12ರಂದು ತಲೆ ವಿಪರೀತ ನೋಯುತ್ತಿದೆ ಎಂದು ಕುಸಿದಾಗ ಅಳತೆ 300/190ಕ್ಕೆ ಮುಟ್ಟಿತ್ತು. ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡರು.

ಮೂರು ವರ್ಷಗಳ ನಂತರ, 1948ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಜನರನ್ನು ಸೇರಿಸಿಕೊಂಡು ಹೃದಯದ ಅಧ್ಯಯನ ಶುರುವಾಯಿತು. ಬಿಪಿ, ಕೊಲೆಸ್ಟರಾಲ್, ಸಿಗರೇಟು ಹೃದಯಕ್ಕೆ ಕೇಡೆಂದು ಇಂದು ಯಾರೂ ಅನುಮಾನಪಡದಂತೆ ಮಾಡಿದ್ದು ಆ ಊರಿನ ದಾಖಲೆಗಳು. ಅದೇ ಜನ, ಅವರ ಮಕ್ಕಳು ಮುದುಕರಾದಂತೆ ಸಂಶೋಧಕರು ಅವರ ನೆನಪನ್ನೂ ಅಳೆಯತೊಡಗಿದರು. 2016ರಲ್ಲಿ ಪ್ರಕಟವಾದ ಲೆಕ್ಕ ಹಲವರನ್ನು ಬೆರಗುಗೊಳಿಸಿತು. 1970ರ ದಶಕದ ಕೊನೆಯಲ್ಲಿ ಅಲ್ಲಿನ 60 ದಾಟಿದ ನೂರು ಮಂದಿಯಲ್ಲಿ ಐದು ವರ್ಷಗಳೊಳಗೆ 3.6 ಮಂದಿಗೆ ಡಿಮೆನ್ಶಿಯಾ ಬರುತ್ತಿತ್ತು. 2000ದ ದಶಕದ ಕೊನೆಯ ಹೊತ್ತಿಗೆ ಅದು 2ಕ್ಕೆ ಇಳಿದಿತ್ತು. ಮರೆವಿಗೆ ಮದ್ದು ಕಂಡುಹಿಡಿದವರು ಯಾರೂ ಇಲ್ಲ. ಆದರೆ ನಡುವಿನ ವರ್ಷಗಳಲ್ಲಿ ಊರಿನವರ ಬಿಪಿ ಹತೋಟಿಗೆ ಬಂದಿತ್ತು, ಲಕ್ವ ಕಡಿಮೆಯಾಗಿತ್ತು. ಇಳಿಕೆ ಕಂಡದ್ದು ಪ್ರೌಢಶಾಲೆ ಮುಗಿಸಿದವರಲ್ಲಿ ಮಾತ್ರ ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಯಾವ ವಯಸ್ಸಿನ ಬಿಪಿ ಮುಖ್ಯ? ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸುತ್ತಿರುವ ವೈಟ್‌ಹಾಲ್ ಅಧ್ಯಯನ 2018ರಲ್ಲಿ ಇದಕ್ಕೊಂದು ಉತ್ತರ ಕೊಟ್ಟಿತು. 50ನೇ ವಯಸ್ಸಿನಲ್ಲಿ ಮೇಲಿನ ಸಂಖ್ಯೆ 130 ಅಥವಾ ಹೆಚ್ಚು ಇದ್ದವರಿಗೆ ಮುಂದೆ ಡಿಮೆನ್ಶಿಯಾ ಬರುವ ಅಪಾಯ ಜಾಸ್ತಿ. ಅವರಿಗೆ ಹೃದ್ರೋಗ ಬಂದಿರದಿದ್ದರೂ ಸರಿ. ಅದೇ ಸಂಖ್ಯೆಯನ್ನು 60ರಲ್ಲಿ, 70ರಲ್ಲಿ ಅಳೆದಾಗ ಆ ನಂಟು ಸಿಗಲಿಲ್ಲ. ಸಣ್ಣ ನಾಳಗಳ ಮೇಲೆ ಪೆಟ್ಟು ಬಿದ್ದ ವರ್ಷಗಳ ಮೊತ್ತವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದಾಯಿತು. ನಮ್ಮಲ್ಲಿ 130 ಎಂದರೆ ‘ನಾರ್ಮಲ್ಲೇ ಬಿಡಿ’ ಎಂದು ಎದ್ದು ಹೋಗುವವರೇ ಹೆಚ್ಚು.

ಇಲ್ಲಿಯವರೆಗಿನ ಕಥೆಯಲ್ಲಿ ಒತ್ತಡವೊಂದೇ ಖಳನಾಯಕ. ಎರಡನೆಯ ಪಾತ್ರ ಉರಿಯೂತ.

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ರಕ್ಷಣಾ ಕೋಶಗಳು ಧಾವಿಸಿ ಬಂದು ಕೆಲಸ ಮುಗಿಸಿ ನಾಲ್ಕು ದಿನಕ್ಕೆ ಹಿಂದಿರುಗುತ್ತವೆ. ಇದು ದೇಹಕ್ಕೆ ಬೇಕಾದ ಉರಿಯೂತ. ಇನ್ನೊಂದು ಬಗೆಯದು ಬೂದಿ ಮುಚ್ಚಿದ ಕೆಂಡ. ಜ್ವರವಿಲ್ಲ, ಊತವಿಲ್ಲ, ನೋವಿಲ್ಲ. ಒಳಗೊಳಗೇ ಹತ್ತಿಪ್ಪತ್ತು ವರ್ಷ ಆರದೆ ಉಳಿಯುತ್ತದೆ. ಹೊಟ್ಟೆಯ ಸುತ್ತ ಕೂತ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಉರಿಯೂತದ ಸಂದೇಶ ಹೊತ್ತ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಸಿಗರೇಟಿನ ಹೊಗೆ, ಹತೋಟಿಯಿಲ್ಲದ ಸಕ್ಕರೆ, ರಕ್ತ ಸುರಿಯುವ ಒಸಡು, ಕೆಟ್ಟ ಗಾಳಿ ಇವೆಲ್ಲ ಆ ಸಂದೇಶಕ್ಕೆ ದನಿಗೂಡಿಸುತ್ತವೆ.

ಈ ಸಂದೇಶ ಯಕೃತ್ತಿಗೆ ತಲುಪಿದಾಗ ಅದು ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಲ್ಯಾಬಿನವರು ಸಿಆರ್‌ಪಿ ಎನ್ನುವ ವಸ್ತುವನ್ನು ತಯಾರಿಸುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದರು. ಕೋವಿಡ್ ಕಾಲದಲ್ಲಿ ಈ ಹೆಸರು ನಮ್ಮ ಮನೆಮನೆಗೂ ಬಂತು. ಸೋಂಕು ಜೋರಾದಾಗ ಇದು ನೂರು ದಾಟುತ್ತದೆ. ಹೃದಯದ ಲೆಕ್ಕಕ್ಕೆ ಬೇಕಾದದ್ದು ಹೆಚ್ಚು ಸೂಕ್ಷ್ಮವಾದ ಪರೀಕ್ಷೆ: ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, ಮೂರು ದಾಟಿದರೆ ಹೆಚ್ಚು.

ಹವಾಯಿ ದ್ವೀಪದ ಹೊನೊಲುಲುವಿನಲ್ಲಿ ಜಪಾನಿ ಮೂಲದ ಗಂಡಸರ ಹೃದಯದ ಬಗ್ಗೆ 1960ರ ದಶಕದಲ್ಲೇ ಅಧ್ಯಯನವೊಂದು ಶುರುವಾಗಿತ್ತು. ಆಗ ತೆಗೆದ ರಕ್ತವನ್ನು ಶೀತಲಗೃಹದಲ್ಲಿ ಕಾದಿಟ್ಟಿದ್ದರು. 25 ವರ್ಷಗಳ ನಂತರ ಅವರಲ್ಲಿ ಯಾರಿಗೆ ಮರೆವು ಬಂದಿದೆ, ಯಾರಿಗಿಲ್ಲ ಎಂದು ನೋಡಿ, ಸುಮಾರು ಸಾವಿರ ಮಂದಿಯ ಹಳೆಯ ರಕ್ತದಲ್ಲಿ ಸಿಆರ್‌ಪಿ ಅಳೆದರು. ತೀರಾ ಕಡಿಮೆ ಇದ್ದ ಕಾಲು ಭಾಗದವರಿಗೆ ಹೋಲಿಸಿದರೆ ಮಿಕ್ಕವರಿಗೆ ಡಿಮೆನ್ಶಿಯಾದ ಅಪಾಯ ಸುಮಾರು ಮೂರು ಪಟ್ಟು. ಕಾಯಿಲೆಯ ಸುಳಿವು ಕಾಣುವುದಕ್ಕೆ ಕಾಲು ಶತಮಾನ ಮೊದಲೇ ರಕ್ತದಲ್ಲಿ ಕಾವು ಇತ್ತು. ಅಮೆರಿಕದ ಮತ್ತೊಂದು ಅಧ್ಯಯನ 2017ರಲ್ಲಿ ಇದನ್ನು ಎಂಆರ್‌ಐ ಚಿತ್ರದಲ್ಲಿ ತೋರಿಸಿತು. ಐವತ್ತರ ಆಸುಪಾಸಿನಲ್ಲಿ ಉರಿಯೂತದ ಹಲವು ಗುರುತುಗಳು ಒಟ್ಟಿಗೆ ಏರಿದ್ದವರಲ್ಲಿ, 24 ವರ್ಷಗಳ ನಂತರ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಉಳಿದವರಿಗಿಂತ ಚಿಕ್ಕದಾಗಿತ್ತು.

ಮಿದುಳಿಗೆ ತನ್ನದೇ ಆದ ರಕ್ಷಣಾ ಕೋಶಗಳಿವೆ. 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗಾ ಅವನ್ನು ವಿವರಿಸಿ ಮೈಕ್ರೋಗ್ಲಿಯ ಎಂದು ಹೆಸರಿಟ್ಟರು. ಬಹುಕಾಲ ಅವನ್ನು ಕಸ ಗುಡಿಸುವ ಕೋಶಗಳೆಂದಷ್ಟೇ ಭಾವಿಸಲಾಗಿತ್ತು. ಆ ಭಾವನೆ ಬದಲಾದದ್ದು 2012ರ ಕೊನೆಗೆ. ಐಸ್‌ಲ್ಯಾಂಡ್‌ನ ವಂಶವಾಹಿ ದಾಖಲೆಗಳನ್ನು ಜಾಲಾಡಿದ ಒಂದು ತಂಡ, ಬ್ರಿಟನ್ನಿನವರು ಸೇರಿದ ಇನ್ನೊಂದು ತಂಡ ಒಂದೇ ಹೊತ್ತಿಗೆ ಟ್ರೆಮ್-2 ಎಂಬ ಜೀನ್ ಬಗ್ಗೆ ವರದಿ ಮಾಡಿದವು. ಅದರಲ್ಲೊಂದು ಅಪರೂಪದ ಬದಲಾವಣೆ ಇದ್ದವರಿಗೆ ಅಲ್ಝೈಮರ್ ಅಪಾಯ ಸುಮಾರು ಮೂರು ಪಟ್ಟು. ಆ ಜೀನ್ ಮಿದುಳಿನಲ್ಲಿ ಕೆಲಸ ಮಾಡುವುದು ನರಕೋಶಗಳಲ್ಲಲ್ಲ, ಮೈಕ್ರೋಗ್ಲಿಯದಲ್ಲಿ. ಉರಿಯೂತ ಕಾಯಿಲೆಯ ಪರಿಣಾಮ ಮಾತ್ರವೇ ಎಂಬ ಹಳೆಯ ವಾದಕ್ಕೆ ಇದು ದೊಡ್ಡ ಪೆಟ್ಟು. ರಕ್ಷಣಾ ಕೋಶ ಸರಿಯಾಗಿ ಕೆಲಸ ಮಾಡದಿದ್ದರೆ ಕಾಯಿಲೆ ಬೇರೂರುವುದು ಸುಲಭ.

ರಕ್ತದಲ್ಲಿನ ಉರಿಯೂತವೂ ಮಿದುಳಿನ ನಾಳಗಳೂ ಹೇಗೆ ಕೂಡಿಕೊಳ್ಳುತ್ತವೆ ಎಂಬುದಕ್ಕೆ ನ್ಯೂಯಾರ್ಕಿನ ಕೊಸ್ಟಾಂಟಿನೊ ಯಾಡೆಕೋಲ ಅವರ ಪ್ರಯೋಗಾಲಯದ ಇಲಿಗಳು ಒಳ್ಳೆಯ ಉದಾಹರಣೆ. ಇಲಿಗಳಿಗೆ ಉಪ್ಪು ವಿಪರೀತವಾಗಿರುವ ಆಹಾರ ಕೊಟ್ಟರು. ಕರುಳಿನಲ್ಲಿ ಒಂದು ಬಗೆಯ ರಕ್ಷಣಾ ಕೋಶಗಳು ಹೆಚ್ಚಿ, ಇಂಟರ್‌ಲ್ಯೂಕಿನ್-17 ಎಂಬ ಸಂದೇಶವಾಹಕ ರಕ್ತದಲ್ಲಿ ಏರಿತು. ಅದು ಮಿದುಳಿನ ರಕ್ತನಾಳಗಳ ಒಳಪದರವನ್ನು ಕೆಣಕಿ, ನಾಳ ಸಡಿಲಗೊಳ್ಳಲು ಬೇಕಾದ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯನ್ನು ತಗ್ಗಿಸಿತು. ಮಿದುಳಿಗೆ ರಕ್ತ ಕಡಿಮೆಯಾಯಿತು. ಇಲಿಗಳು ದಾರಿ ಮರೆತವು. ಬಿಪಿ ಏರದಿದ್ದಾಗಲೂ ಹೀಗಾಯಿತು. ಇಲಿಗೆ ಕೊಟ್ಟ ಪ್ರಮಾಣವನ್ನು ಯಾವ ಮನುಷ್ಯನೂ ತಿನ್ನಲಾರ ಎಂಬುದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ ಮಿತಿಯನ್ನು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಸೇರಿದ ನಮ್ಮ ಊಟ ಸಲೀಸಾಗಿ ದಾಟುತ್ತದೆ.

ಹಾಗಿದ್ದರೆ ಉರಿಯೂತ ಇಳಿಸುವ ಮಾತ್ರೆ ನುಂಗಿದರಾಯಿತಲ್ಲ? ಸಂಶೋಧಕರಿಗೂ ಹೀಗೇ ಅನ್ನಿಸಿತ್ತು. ಸಂಧಿವಾತಕ್ಕೆಂದು ವರ್ಷಗಟ್ಟಲೆ ಉರಿಯೂತ ನಿವಾರಕ ಮಾತ್ರೆ ತಿಂದವರಲ್ಲಿ ಅಲ್ಝೈಮರ್ ಕಡಿಮೆ ಕಾಣುತ್ತದೆಯೆಂದು 1990ರಲ್ಲಿ ಕೆನಡಾದ ಪ್ಯಾಟ್ರಿಕ್ ಮಗೀರ್ ಮತ್ತು ಸಂಗಡಿಗರು ಗಮನ ಸೆಳೆದರು. 2001ರಲ್ಲಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನವೂ ಅದನ್ನೇ ಹೇಳಿತು. ಅದೇ ವರ್ಷ ಅಮೆರಿಕದಲ್ಲಿ ಮನೆಯವರಲ್ಲಿ ಮರೆವಿನ ಕಾಯಿಲೆ ಇದ್ದ, 70 ದಾಟಿದ 2,500ಕ್ಕೂ ಹೆಚ್ಚು ಮಂದಿಯ ಮೇಲೆ ಪ್ರಯೋಗ ಶುರುವಾಯಿತು. ಕೆಲವರಿಗೆ ನ್ಯಾಪ್ರಾಕ್ಸೆನ್, ಕೆಲವರಿಗೆ ಸೆಲೆಕಾಕ್ಸಿಬ್, ಉಳಿದವರಿಗೆ ಬರಿಯ ಹುಸಿ ಮಾತ್ರೆ. ಹೃದಯಕ್ಕೆ ತೊಂದರೆಯಾಗಬಹುದೆಂಬ ಆತಂಕದಿಂದ 2004ರ ಡಿಸೆಂಬರ್‌ನಲ್ಲಿ ಮಾತ್ರೆಗಳನ್ನು ನಿಲ್ಲಿಸಬೇಕಾಯಿತು. ನೆನಪು ಉಳಿದ ಲಕ್ಷಣವೂ ಕಾಣಲಿಲ್ಲ. ಮಂಡಿನೋವಿಗೆ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ದಿನವೂ ನುಂಗುವ ಮಾತ್ರೆಗಳು ಇದೇ ಜಾತಿಗೆ ಸೇರಿದವು. ಅವು ಬಿಪಿ ಏರಿಸುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಮರೆವು ತಡೆಯಲೆಂದು ಅವನ್ನು ತಿನ್ನುವುದು ಊರ ಮಾರಿಯನ್ನು ಮನೆಗೆ ಕರೆದಂತೆ.

ಹೃದಯದ ಕಡೆ ಮಾತ್ರ ಬೇರೆಯದೇ ಫಲ ಸಿಕ್ಕಿತು. ಹಾರ್ವರ್ಡಿನ ಪಾಲ್ ರಿಡ್ಕರ್ 10,061 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಮ್ಮೆ ಹೃದಯಾಘಾತವಾಗಿ ಸಿಆರ್‌ಪಿ ಇನ್ನೂ ಏರಿಯೇ ಇದ್ದವರಿಗೆ ಕ್ಯಾನಕಿನುಮ್ಯಾಬ್ ಎಂಬ ಚುಚ್ಚುಮದ್ದು ಕೊಟ್ಟರು. ಕೊಲೆಸ್ಟರಾಲ್ ಇಳಿಯಲಿಲ್ಲ, ಉರಿಯೂತ ಮಾತ್ರ ಇಳಿಯಿತು. ಅಷ್ಟಕ್ಕೇ ಹೃದಯಾಘಾತ, ಲಕ್ವ, ಹೃದಯದ ಸಾವು ಒಟ್ಟಾಗಿ ಶೇ 15ರಷ್ಟು ಕಡಿಮೆಯಾದವು. ಉರಿಯೂತ ಬರೀ ಸಾಕ್ಷಿಯಲ್ಲ, ಅಪರಾಧದಲ್ಲಿ ಪಾಲುದಾರ ಎಂದು ಸಾಬೀತಾಯಿತು. ಆದರೆ ಮಾರಕ ಸೋಂಕುಗಳು ಹೆಚ್ಚಿದ ಕಾರಣ, ವಿಪರೀತ ಬೆಲೆಯ ಕಾರಣ ಆ ಮದ್ದು ಹೃದ್ರೋಗಿಗಳ ಬಳಕೆಗೆ ಬರಲಿಲ್ಲ. ಈಚೆಗೆ, 2025ರ ನವೆಂಬರ್‌ನಲ್ಲಿ, ತೂಕ ಇಳಿಸಲು ಹೆಸರಾದ ಸೆಮಾಗ್ಲುಟೈಡ್ ಕೂಡ ಆರಂಭಿಕ ಅಲ್ಝೈಮರ್ ಇದ್ದವರಲ್ಲಿ ಕಾಯಿಲೆಯ ವೇಗ ತಗ್ಗಿಸಲಿಲ್ಲವೆಂದು ಅದನ್ನು ತಯಾರಿಸುವ ಕಂಪನಿಯೇ ಪ್ರಕಟಿಸಿತು. ಕಾಯಿಲೆ ತಲೆಯೆತ್ತಿದ ಮೇಲೆ ಕೆಂಡ ಆರಿಸಲು ಹೋಗುವುದು ತಡವಾದ ಪ್ರಯತ್ನವೇ ಎಂಬ ಅನುಮಾನವನ್ನು ಇಂಥ ಸೋಲುಗಳು ಗಟ್ಟಿಮಾಡುತ್ತವೆ.

ನಡುವೆ ಯಾರೂ ನಿರೀಕ್ಷಿಸದ ಕಡೆಯಿಂದ ಒಂದು ಸುಳಿವು ಬಂತು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ 2013ರ ಸೆಪ್ಟೆಂಬರ್‌ನಿಂದ ವಯಸ್ಸಾದವರಿಗೆ ಸರ್ಪಸುತ್ತಿನ ಲಸಿಕೆ ಕೊಡತೊಡಗಿದರು. 1933ರ ಸೆಪ್ಟೆಂಬರ್ 2ಕ್ಕಿಂತ ಮೊದಲು ಹುಟ್ಟಿದವರಿಗೆ ಲಸಿಕೆ ಇಲ್ಲ, ಆಮೇಲೆ ಹುಟ್ಟಿದವರಿಗೆ ಉಂಟು ಎಂಬುದು ಆಗ ಸರ್ಕಾರದ ನಿಯಮವಾಗಿತ್ತು. ಒಂದು ವಾರ ಹಿಂದೆಮುಂದೆ ಹುಟ್ಟಿದವರಲ್ಲಿ ಬೇರಾವ ವ್ಯತ್ಯಾಸವೂ ಇರಲು ಸಾಧ್ಯವಿಲ್ಲ. ಹೀಗಾಗಿ ಸರ್ಕಾರಿ ಆದೇಶವೇ ಒಂದು ದೊಡ್ಡ ಪ್ರಯೋಗವಾಯಿತು. ಏಳು ವರ್ಷಗಳ ದಾಖಲೆ ನೋಡಿದಾಗ ಲಸಿಕೆ ಹಾಕಿಸಿಕೊಂಡವರಲ್ಲಿ ಡಿಮೆನ್ಶಿಯಾ ಸುಮಾರು ಶೇ 20ರಷ್ಟು ಕಡಿಮೆ, ಹೆಂಗಸರಲ್ಲಿ ಲಾಭ ಇನ್ನೂ ಹೆಚ್ಚು. ಬಾಲ್ಯದ ಸೀತಾಳೆ ಸಿಡುಬಿನ ವೈರಸ್ ನರಗಳಲ್ಲಿ ಅಡಗಿ ಕೂತು ಆಗಾಗ ತಲೆಯೆತ್ತುವುದೇ ಉರಿಯೂತಕ್ಕೆ ಕಾರಣವಿದ್ದೀತೆ, ಇಲ್ಲವೇ ಲಸಿಕೆ ರಕ್ಷಣಾ ವ್ಯವಸ್ಥೆಯನ್ನೇ ತಿದ್ದುತ್ತದೆಯೇ ಎಂಬ ಚರ್ಚೆ 2025ರಲ್ಲಿ ಈ ಫಲಿತಾಂಶ ಪ್ರಕಟವಾದಾಗಿನಿಂದ ನಡೆದಿದೆ.

ಇಷ್ಟೆಲ್ಲದರ ನಡುವೆ, ಮನುಷ್ಯರ ಮೇಲೆ ಚೀಟಿ ಎತ್ತಿ ಗುಂಪು ಮಾಡಿ ನಡೆಸಿದ ಪ್ರಯೋಗಗಳಲ್ಲಿ ಗೆದ್ದಿರುವ ಉಪಾಯ ಅತ್ಯಂತ ಹಳೆಯದು: ಬಿಪಿ ಇಳಿಸುವುದು. ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ 9,361 ಮಂದಿಯನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಮೇಲಿನ ಸಂಖ್ಯೆಯನ್ನು 140ಕ್ಕಿಂತ ಕೆಳಗೆ, ಇನ್ನೊಂದರಲ್ಲಿ 120ಕ್ಕಿಂತ ಕೆಳಗೆ ತರುವ ಗುರಿ ಇಟ್ಟರು. ಎರಡನೆಯ ಗುಂಪಿನಲ್ಲಿ ಡಿಮೆನ್ಶಿಯಾಕ್ಕೆ ಮುನ್ನಿನ ಹಂತವಾದ ಸೌಮ್ಯ ಮರೆವು ಶೇ 19ರಷ್ಟು ಕಡಿಮೆಯಾಯಿತು. ಡಿಮೆನ್ಶಿಯಾ ಕೂಡ ಕಡಿಮೆ ಕಂಡಿತು, ಆದರೆ ಕಾಕತಾಳೀಯವಲ್ಲವೆಂದು ಖಚಿತವಾಗಿ ಹೇಳುವಷ್ಟಲ್ಲ. ಹೃದಯಕ್ಕೆ ಲಾಭ ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಬೇಗನೆ ನಿಲ್ಲಿಸಿದ್ದರು. ಮಿದುಳಿನ ಉತ್ತರ ತಿಳಿಯುವಷ್ಟು ಕಾಲ ಸಿಗಲಿಲ್ಲ.

ಆ ಕೊರತೆ ತುಂಬಿದ್ದು ಚೀನಾದ ಹಳ್ಳಿಗಳು. 326 ಹಳ್ಳಿಗಳಲ್ಲಿ ಬಿಪಿ ಹತೋಟಿಯಲ್ಲಿಲ್ಲದ ಸುಮಾರು 34,000 ಜನ. ಅರ್ಧ ಹಳ್ಳಿಗಳಲ್ಲಿ ಎಂದಿನ ಚಿಕಿತ್ಸೆ. ಇನ್ನರ್ಧದಲ್ಲಿ ವೈದ್ಯ ಪದವಿಯಿಲ್ಲದ, ಊರಿನಲ್ಲೇ ಇರುವ ಆರೋಗ್ಯ ಕಾರ್ಯಕರ್ತರು ಸರಳವಾದ ಕ್ರಮವೊಂದನ್ನು ಅನುಸರಿಸಿ ಮಾತ್ರೆ ಕೊಟ್ಟರು. ಮನೆಯಲ್ಲೇ ಬಿಪಿ ನೋಡಿಕೊಳ್ಳುವುದನ್ನು ಕಲಿಸಿದರು. ಉಪ್ಪು, ತೂಕ, ಮದ್ಯದ ಬಗ್ಗೆ ತಿಳಿಹೇಳಿದರು. ಮಾತ್ರೆಗಳೆಲ್ಲ ಹಳೆಯವು, ಅಗ್ಗದವು. ನಾಲ್ಕು ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ಮೇಲಿನ ಸಂಖ್ಯೆ ಉಳಿದ ಹಳ್ಳಿಗಳಿಗಿಂತ 22ರಷ್ಟು ಹೆಚ್ಚು ಇಳಿಯಿತು, ಡಿಮೆನ್ಶಿಯಾ ಶೇ 15ರಷ್ಟು ಕಡಿಮೆಯಾಯಿತು. 2025ರ ಏಪ್ರಿಲ್‌ನಲ್ಲಿ ಬಂದ ಈ ಫಲಿತಾಂಶ ನಮ್ಮಂಥ ದೇಶಕ್ಕೆ ಯಾವ ಹೊಸ ಔಷಧಿಗಿಂತಲೂ ದೊಡ್ಡ ಸುದ್ದಿ. ವೈದ್ಯಕೀಯ ಪತ್ರಿಕೆ ಲಾನ್ಸೆಟ್‌ನ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ತಡೆಯಬಹುದಾದ ಹದಿನಾಲ್ಕು ಕಾರಣಗಳಲ್ಲಿ ಕಿವುಡು, ಕಡಿಮೆ ಓದು, ಒಂಟಿತನ ಮುಂತಾದವೂ ಇವೆ. ಆದರೆ ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಸಿಗರೇಟು, ಬೊಜ್ಜು, ಮೈಗಳ್ಳತನ ಇವು ಹೃದಯದ ಪಟ್ಟಿಯಿಂದಲೇ ಬಂದವು. ಹದಿನಾಲ್ಕನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಆ ಆಯೋಗದ ಅಂದಾಜು.

ಈ ಪ್ರಶ್ನೆಗಳಿಗೆ ಕನ್ನಡ ನೆಲದ್ದೇ ಉತ್ತರ ಹುಡುಕುವ ಕೆಲಸ ಕೋಲಾರ ಜಿಲ್ಲೆಯಲ್ಲಿ ನಡೆದಿದೆ. ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಅಧ್ಯಯನ ನಡೆಸುತ್ತಿದೆ. 45 ದಾಟಿದ, ಡಿಮೆನ್ಶಿಯಾ ಇಲ್ಲದ 10,000 ಮಂದಿಯನ್ನು ಸೇರಿಸಿಕೊಂಡು ಅವರ ರಕ್ತ, ವಂಶವಾಹಿ, ನೆನಪು, ಮಿದುಳಿನ ಚಿತ್ರಗಳನ್ನು ವರ್ಷಗಳ ಕಾಲ ಹಿಂಬಾಲಿಸುವುದು ಯೋಜನೆ. ಓದು ಬಾರದವರ ನೆನಪನ್ನು ಅಳೆಯಲು ಪಾಶ್ಚಾತ್ಯ ಪರೀಕ್ಷೆಗಳು ಒಗ್ಗುವುದಿಲ್ಲ. ಹಾಗಾಗಿ ಅವರಿಗೆ ಹೊಂದುವ ಬೇರೆ ಪರೀಕ್ಷೆಗಳು ಬೇಕಾಗುತ್ತವೆ. ಹಳ್ಳಿಯಲ್ಲಿ ದುಡಿಯುವವರಿಗೆ ಬಿಪಿ, ಸಕ್ಕರೆ ಬರುವುದಿಲ್ಲ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದಂತೂ ಈಗಾಗಲೇ ತಿಳಿದಿದೆ.

ಕಾಕತಾಳೀಯವೆಂಬಂತೆ, 30 ದಾಟಿದವರ ಮನೆಬಾಗಿಲಿಗೇ ಹೋಗಿ ಬಿಪಿ, ಸಕ್ಕರೆ ನೋಡುವ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದೂ ಕೋಲಾರದಲ್ಲೇ. ಅಂದರೆ ಚೀನಾದ ಹಳ್ಳಿಗಳಲ್ಲಿ ಕೆಲಸ ಮಾಡಿದ ವ್ಯವಸ್ಥೆಗೆ ಬೇಕಾದ ಸಲಕರಣೆ ಇಲ್ಲಿ ಹೆಚ್ಚುಕಡಿಮೆ ಸಿದ್ಧವಾಗಿದೆ. ಆಶಾ ಕಾರ್ಯಕರ್ತೆಯರಿದ್ದಾರೆ, ಅಳೆಯುವ ಯಂತ್ರವಿದೆ, ಬಿಪಿ ಇಳಿಸುವ ಅಮ್ಲೋಡಿಪಿನ್ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಕೊರತೆ ಇರುವುದು ಎರಡನೆಯ, ಮೂರನೆಯ ತಿಂಗಳಲ್ಲಿ. ಅಳೆದಾಗ 150 ಬಂತು, ಮಾತ್ರೆ ಕೊಟ್ಟರು, ತಿಂಗಳ ನಂತರ 130 ಆಯಿತು, ‘ವಾಸಿಯಾಯ್ತು’ ಎಂದು ಬಿಟ್ಟರು. ಇದು ಹಳ್ಳಿಯಲ್ಲೂ ಪಟ್ಟಣದಲ್ಲೂ ದಿನನಿತ್ಯದ ಕಥೆ. ಏನೂ ನೋವಿಲ್ಲದ ನಲವತ್ತೈದರ ರೈತನಿಗೆ ಜೀವಪರ್ಯಂತ ಮಾತ್ರೆ ನುಂಗು ಎಂದರೆ ಒಪ್ಪುವುದು ಸುಲಭವೂ ಅಲ್ಲ.

ಅಲ್ಲಿ ಹೇಳಬೇಕಾದ ಮಾತೊಂದು ಇನ್ನೂ ತರಬೇತಿಯ ಪುಸ್ತಕಗಳಿಂದ ಜನರ ಕಿವಿಗೆ ತಲುಪಿಲ್ಲ. ಹೃದಯಾಘಾತದ ಹೆದರಿಕೆಗೆ ಜಗ್ಗದವರು ‘ಮುಂದೆ ಮಕ್ಕಳ ಗುರುತು ಸಿಗದೆ ಹೋದೀತು’ ಎಂಬ ಮಾತಿಗೆ ಕಿವಿಗೊಡುತ್ತಾರೆ. ಮನೆಯಲ್ಲಿ ಅಂಥ ಹಿರಿಯರನ್ನು ಕಂಡಿದ್ದರಂತೂ ಹೆಚ್ಚು ಹೇಳಬೇಕಾಗಿಲ್ಲ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಮತ್ತು ಗೃಹ ಆರೋಗ್ಯ ಈಗ ಬೇರೆಬೇರೆ ಹಳಿಗಳ ಮೇಲೆ ಓಡುತ್ತಿವೆ. ಮೊದಲನೆಯದು ಮರೆವು ಬಂದವರನ್ನು ಗುರುತಿಸಿದರೆ ಎರಡನೆಯದು ಬಿಪಿ ಇರುವವರನ್ನು ಗುರುತಿಸುತ್ತದೆ. ಇವೆರಡರ ಪಟ್ಟಿಯಲ್ಲಿರುವವರು ಮೂವತ್ತು ವರ್ಷ ಅಂತರದ ಒಂದೇ ಜನ.

ಎಚ್ಚರಿಕೆಯ ಮಾತೂ ಬೇಕು. ಎಂಬತ್ತು ದಾಟಿ ಸೊರಗಿದವರಲ್ಲಿ ಬಿಪಿಯನ್ನು ವಿಪರೀತ ಇಳಿಸಿದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳುವ ಅಪಾಯವಿದೆ. ಅವರ ಗುರಿಯನ್ನು ವೈದ್ಯರೇ ನಿರ್ಧರಿಸಬೇಕು. ಎದೆಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬೇಕಾಗಬಹುದು, ಏಕೆಂದರೆ ಆ ಲಯದೋಷ ಲಕ್ವದ ಜೊತೆಗೆ ಮರೆವನ್ನೂ ತರಬಹುದು. ಸಿಆರ್‌ಪಿಯನ್ನು ಕಂಡಕಂಡಾಗ ಅಳೆಸುವುದರಿಂದ ಲಾಭವಿಲ್ಲ. ನೆಗಡಿ ಬಂದರೂ ಅದು ಏರುತ್ತದೆ. ಸೊಂಟದ ಸುತ್ತಳತೆ, ಒಸಡಿನ ಆರೋಗ್ಯ, ಸಕ್ಕರೆಯ ಮೂರು ತಿಂಗಳ ಸರಾಸರಿ, ತೋಳಿಗೆ ಪಟ್ಟಿ ಸುತ್ತಿ ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿದ ಬಿಪಿ, ಇವು ಹೇಳುವಷ್ಟನ್ನು ಆ ದುಬಾರಿ ಪರೀಕ್ಷೆ ಹೇಳುವುದಿಲ್ಲ.

ಶ್ರೀನಿವಾಸಪುರದಲ್ಲಿ 2018ರಲ್ಲಿ 45ಕ್ಕೆ ಹೆಸರು ಬರೆಸಿದವರು ಈಗ 50 ದಾಟಿದ್ದಾರೆ. ಅವರಲ್ಲಿ ಯಾರ ನೆನಪು ಉಳಿಯಿತು, ಯಾರದು ಹೋಯಿತು ಎಂದು ತಿಳಿಯಲು 2040ರ ದಶಕದವರೆಗೆ ಕಾಯಬೇಕು. ಆಗ ಸಿಗಲಿರುವ ಉತ್ತರಕ್ಕೆ ಬೇಕಾದ ಬಿಪಿ, ಸಕ್ಕರೆ, ಉರಿಯೂತದ ಅಂಕಿಗಳು ಈ ವರ್ಷಗಳ ದಾಖಲೆಗಳಲ್ಲೇ ಸೇರುತ್ತಿವೆ, ಮತ್ತು ಅವನ್ನು ಬದಲಾಯಿಸಲು ಅಷ್ಟು ಕಾಯಬೇಕಾಗಿಲ್ಲ.